ಮೀನಿಗೂ ಆಪರೇಷನ್ ಬೇಕಾ?

ಪರ: ಮೀನು ಅಂದರೆ ನಗು ಯಾಕೆ?

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಕ್ವೇರಿಯಂ ಇಲ್ಲ, ನಾಯಿ ಇದೆ. ಅದಕ್ಕೆ ಆಪರೇಷನ್ ಮಾಡಿಸಿದಾಗ ಯಾರೂ ನಗಲಿಲ್ಲ.

2014ರಲ್ಲಿ ಮೆಲ್ಬರ್ನ್‌ನ ಲಾರ್ಟ್ ಸ್ಮಿತ್ ಆಸ್ಪತ್ರೆಯಲ್ಲಿ ಜಾರ್ಜ್ ಎಂಬ 10 ವರ್ಷದ ಗೋಲ್ಡ್‌ಫಿಶ್‌ನ ತಲೆಯ ಗಡ್ಡೆ ತೆಗೆದರು. ಮೂರು ಬಕೆಟ್ ನೀರು. ಒಂದರಲ್ಲಿ ಅರಿವಳಿಕೆ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ, ಮೂರನೆಯದು ಎಚ್ಚರವಾಗಲು ಬರೀ ನೀರು. ಬಾಯಿಗೆ ಟ್ಯೂಬ್ ಇಟ್ಟು ಕಿವಿರುಗಳ ಮೇಲೆ ನೀರು ಹರಿಸುತ್ತಲೇ ಸುಮಾರು 45 ನಿಮಿಷದಲ್ಲಿ ಮುಗಿಸಿದರು. ಖರ್ಚು ಸುಮಾರು 200 ಆಸ್ಟ್ರೇಲಿಯನ್ ಡಾಲರ್. ಮೀನು ಬದುಕಿತು.

ಮೀನು ನಾಲ್ಕು ದಿನದ ಅತಿಥಿ ಅನ್ನುತ್ತೀರಾ? ಇಂಗ್ಲೆಂಡಿನ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿತ್ತು. ಇಷ್ಟು ಸಾಕಲ್ವಾ?

ವಿರೋಧ: ಕತ್ತರಿ ಕೆಳಗಿಡಿ, ನೀರು ನೋಡಿ

ನಾನು ಮೀನು ಸಾಕುವವನು. ಅದಕ್ಕೇ ಹೇಳುತ್ತೇನೆ, ಈ ಆಪರೇಷನ್ ಎಲ್ಲ ಸುಮ್ನೆ ಶೋ. ಇವರು ನಾಳೆ ಸೊಳ್ಳೆಗೂ ಐಸಿಯು ಕೇಳಬಹುದು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಹುಟ್ಟುಹಬ್ಬ ಆಯಿತು. ರಿಟರ್ನ್ ಗಿಫ್ಟ್ ಏನು ಗೊತ್ತಾ? ಮಗುವಿಗೊಂದು ಗಾಜಿನ ಬೌಲ್, ಅದರಲ್ಲೊಂದು ಗೋಲ್ಡ್‌ಫಿಶ್! ಎರಡೇ ದಿನಕ್ಕೆ ಪಕ್ಕದ ಮನೆ ಹುಡುಗಿ ಓಡಿ ಬಂದಳು. "ಅಂಕಲ್, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ." ಅವಳಪ್ಪ ಫೋನಿನಲ್ಲಿ ಮೀನಿನ ಡಾಕ್ಟರ್ ಹುಡುಕುತ್ತಾ ಕೂತಿದ್ದರು. ಬೌಲ್‌ನ ತಳದಲ್ಲಿ ಹಾಕಿದ ಕಾಳೆಲ್ಲ ಕೊಳೆಯುತ್ತಿತ್ತು. ಮೀನನ್ನು ತಂದು ನನ್ನ ಹಳೇ ಟ್ಯಾಂಕಿಗೆ ಬಿಟ್ಟೆ. ಸಂಜೆ ಹೊತ್ತಿಗೆ ಈಜಾಡುತ್ತಿತ್ತು. ಅದೇ ಪಾರ್ಟಿಯ ಉಳಿದ ಮೀನುಗಳು ವಾರದೊಳಗೆ ಹೋದವು.

ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ, ಅದು ಮೀನಿಗೇ ವಿಷ. ಟ್ಯಾಂಕಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು 4ರಿಂದ 6 ವಾರ ಬೇಕು. ಫಿಲ್ಟರೇ ಇಲ್ಲದ ಪುಟ್ಟ ಬೌಲ್‌ನಲ್ಲಿ ಎಲ್ಲಿಂದ ಬರಬೇಕು?

ಜಾರ್ಜ್‌ನ ಗಡ್ಡೆ ನೀರಿನಿಂದ ಬಂದದ್ದಲ್ಲ ಅಂತೀರಾ? ಇರಲಿ. ಒರಾಂಡಾ ಎಂಬ ಗೋಲ್ಡ್‌ಫಿಶ್ ತಳಿ ನೋಡಿ. ತಲೆ ಮೇಲೆ ಟೋಪಿ ಇಟ್ಟ ಹಾಗೆ ಮಾಂಸ ಬೆಳೆಯುತ್ತದೆ. ಕೆಲವಕ್ಕೆ ಅದು ಕಣ್ಣನ್ನೇ ಮುಚ್ಚಿಬಿಡುತ್ತದೆ. ಆಗ ಕತ್ತರಿಸುತ್ತಾರೆ. ಅಂಥ ತಳಿ ಮಾಡಿದ್ದು ಯಾರು? ಚೆಂದ ಅಂತ ಮನುಷ್ಯರೇ ಮಾಡಿದ್ದು. ಗುಂಡಗಿನ ಗೋಲ್ಡ್‌ಫಿಶ್‌ಗಳು ತಲೆಕೆಳಗಾಗಿ ತೇಲುವುದಕ್ಕೂ ಎಷ್ಟೋ ಸಲ ಆ ಕುಗ್ಗಿಸಿದ ಮೈಯೇ ಕಾರಣ. ಇದನ್ನೆಲ್ಲ ಬಿಟ್ಟು ಹೊಲಿಗೆ ಬಗ್ಗೆ ಮಾತಾಡುತ್ತಾರೆ!

ಆ 200 ಡಾಲರಿಗೆ ದೊಡ್ಡ ಟ್ಯಾಂಕ್, ಫಿಲ್ಟರ್, ಅಮೋನಿಯಾ ಟೆಸ್ಟ್ ಕಿಟ್ ತಗೊಳ್ಳಿ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಿ. ಬೌಲ್ ಮಾರುವ ಅಂಗಡಿಯವರು ಇದನ್ನು ಮೊದಲೇ ಹೇಳಬೇಕಿತ್ತು. ಹೇಳಿದರೆ ಬೌಲ್ ಯಾರು ಕೊಳ್ಳುತ್ತಾರೆ?