ಒಂಟೆಯ ಡುಬ್ಬದಲ್ಲಿ ನೀರಿಲ್ಲ, ಕೊಬ್ಬಿದೆ

‘ಒಂಟೆ ಡುಬ್ಬದಲ್ಲಿ ನೀರು ತುಂಬಿಟ್ಟುಕೊಂಡು ವಾರಗಟ್ಟಲೆ ಬದುಕುತ್ತದೆ’ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು. ಡುಬ್ಬದಲ್ಲಿರುವುದು ಕೊಬ್ಬು. ಮೇವು ಸಿಗದಾಗ ಅದು ಕರಗಿ ಶಕ್ತಿ ಕೊಡುತ್ತದೆ. ಡುಬ್ಬ ಸೊರಗಿ ಬದಿಗೆ ವಾಲುತ್ತದೆ. 1 ಗ್ರಾಂ ಕೊಬ್ಬು ಕರಗಿದರೆ ಸುಮಾರು 1 ಗ್ರಾಂ ನೀರು ಹುಟ್ಟುವುದೇನೋ ನಿಜ. ಆದರೆ ಅದಕ್ಕೆ ಬೇಕಾದ ಆಮ್ಲಜನಕಕ್ಕಾಗಿ ಒಣಹವೆಯಲ್ಲಿ ಉಸಿರಾಡುವಾಗ ಶ್ವಾಸಕೋಶದಿಂದ ನೀರು ಆವಿಯಾಗಿ ಹೋಗುವುದರಿಂದ ಲಾಭವೇನೂ ಉಳಿಯದು.

ಗುಟ್ಟಿರುವುದು ಉಳಿತಾಯದಲ್ಲಿ. ನೀರು ಸಿಗದ ಬೇಸಿಗೆಯಲ್ಲಿ ಒಂಟೆಯ ಮೈಶಾಖ ಬೆಳಗಿನ ಜಾವ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಸಂಜೆಗೆ 40 ಡಿಗ್ರಿ ದಾಟಬಲ್ಲದು. ಹಗಲಿನ ಶಾಖವನ್ನು ಮೈಯಲ್ಲೇ ತಡೆದುಕೊಂಡು ರಾತ್ರಿಯ ತಂಪಿಗೆ ಬಿಟ್ಟುಕೊಡುವುದರಿಂದ ಬೆವರು ಸುರಿಸಬೇಕಾದ ಅಗತ್ಯವೇ ತಗ್ಗುತ್ತದೆ. ಮೂತ್ರ ಗಾಢ, ಹಿಕ್ಕೆ ಒಣ. ಮೂಗಿನೊಳಗಿನ ಸುರುಳಿ ಪದರಗಳು ಹೊರಹೋಗುವ ಉಸಿರಿನ ತೇವವನ್ನೂ ಹಿಡಿದಿಡುತ್ತವೆ.

ದೇಹತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಒಂಟೆ ಬದುಕಬಲ್ಲದು. ಅಷ್ಟಾದರೂ ಅದರ ರಕ್ತದ ದ್ರವಾಂಶ ಹೆಚ್ಚು ಕುಗ್ಗುವುದಿಲ್ಲ. ಬಾಯಾರಿದ ದೊಡ್ಡ ಒಂಟೆ ಕೆಲವೇ ನಿಮಿಷಗಳಲ್ಲಿ ಸುಮಾರು 100 ಲೀಟರ್ ಕುಡಿಯಬಲ್ಲದು. ಹೀಗೆ ಒಮ್ಮೆಲೇ ನೀರು ನುಗ್ಗಿದರೂ ಅದರ ಅಂಡಾಕಾರದ ಕೆಂಪು ರಕ್ತಕಣಗಳು ಉಬ್ಬುತ್ತವೆಯೇ ಹೊರತು ಒಡೆಯುವುದಿಲ್ಲ.