ಬೋರ್ಡ್ ಇದೆ, ಗೇಟ್ ಇದೆ, ಬೀಗ ಹಾಕೋರಿಲ್ಲ

"ವಾಹನ ಪ್ರವೇಶ ನಿಷೇಧಿಸಿದೆ" ಅಂತ ಕಾಡಿನ ಬಾಯಲ್ಲಿ ಬೋರ್ಡ್ ನೆಡೋಕೆ ದುಡ್ಡಿರುತ್ತೆ, ಗೇಟಿಗೆ ಬೀಗ ಜಡಿಯೋಕೆ ಮಾತ್ರ ಸಿಬ್ಬಂದಿ ಇರಲ್ಲ. ವಾರಾಂತ್ಯ ಬಂತೆಂದರೆ ಜೀಪುಗಳು, ಬೈಕುಗಳು ಆ ಬೋರ್ಡಿನ ಪಕ್ಕದಲ್ಲೇ ಸಾಲುಗಟ್ಟಿ ಒಳಗೆ ನುಗ್ಗುತ್ತವೆ. ದಪ್ಪ ಹಲ್ಲಿನ ಟೈರು ತಿರುಗಿದ ಕಡೆ ಹುಲ್ಲಿನ ಬೇರು ಕಿತ್ತು ಬರುತ್ತೆ, ಗಾಲಿ ಗುರುತಲ್ಲೇ ಮಳೆ ನೀರು ಹರಿದು ಕಾಲುದಾರಿ ಕೊರಕಲಾಗುತ್ತೆ. ದೂರು ಕೊಟ್ಟರೆ "ನೋಡ್ತೀವಿ". ಏನು ನೋಡ್ತಾರೋ, ಯಾವಾಗ ನೋಡ್ತಾರೋ!

ದೂರುಗಳು ಸಾಯೋದು ಮೊದಲ ಮೆಟ್ಟಿಲಲ್ಲೇ: ಜಾಗ ಯಾರದು? ಮೀಸಲು ಅರಣ್ಯವಾದರೆ ಕರ್ನಾಟಕ ಅರಣ್ಯ ಕಾಯ್ದೆ 1963ರ ಕಲಂ 24. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನವಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಕಲಂ 27. ಗೋಮಾಳವೋ ಸೊಪ್ಪಿನಬೆಟ್ಟವೋ (ಗೊಬ್ಬರದ ಸೊಪ್ಪಿಗೆ ರೈತರಿಗೆ ಬಿಟ್ಟ ಕಾಡು) ಆಗಿಬಿಟ್ಟರೆ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ತಹಶೀಲ್ದಾರರ ಕಡೆ, ತಹಶೀಲ್ದಾರರು ಆರ್‌ಎಫ್‌ಒ ಕಡೆ ಕೈ ತೋರಿಸುತ್ತಾ ವರ್ಷ ಕಳೆಯುತ್ತಾರೆ. ಹಾಗಾಗಿ ಸರ್ವೆ ನಂಬರ್, ಪಹಣಿ, ಗೆಜೆಟ್ ಅಧಿಸೂಚನೆಯ ನಕಲು ಮೂರನ್ನೂ ದೂರಿಗೇ ಲಗತ್ತಿಸಿ.

ಫೋಟೋದಲ್ಲಿ ನಂಬರ್ ಪ್ಲೇಟು, ಬೋರ್ಡು ಅಥವಾ ಗಡಿಕಲ್ಲು ಒಂದೇ ಚೌಕಟ್ಟಿನಲ್ಲಿ ಬರಬೇಕು. ಲೊಕೇಶನ್ ಆನ್ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಕಡತದೊಳಗಿನ ಸಮಯ, ಸ್ಥಳದ ಮಾಹಿತಿ ಉದುರಿಹೋಗುತ್ತೆ. ಮೂಲ ಕಡತ ಫೋನಿನಲ್ಲೇ ಉಳಿಯಲಿ. ನಾಳೆ ಕೋರ್ಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದದ್ದು) ಕೊಡುವಾಗ ಅದು ಬೇಕು.

ಆಮೇಲೆ ಮಾಹಿತಿ ಹಕ್ಕು. "ಏನು ಕ್ರಮ ಕೈಗೊಂಡಿದ್ದೀರಿ" ಅಂತ ಕೇಳಿದರೆ "ಪರಿಶೀಲನೆಯಲ್ಲಿದೆ" ಅಂತಲೇ ಉತ್ತರ. ಹಾಗೆ ಕೇಳಬೇಡಿ, ದಾಖಲೆ ಕೇಳಿ: ಆ ವಲಯದ ಅರಣ್ಯ ತಕ್ಷೀರು (ಅಪರಾಧ) ಪ್ರಕರಣಗಳ ವಹಿ, ಗಸ್ತು ದಿನಚರಿ, ಇಂತಿಂಥ ದಿನಾಂಕದ ಗೇಟ್ ವಹಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದನ್ನು ಮೀರಿದರೆ ತಿರಸ್ಕರಿಸೋಕೆ ನೀವೇ ನೆಪ ಕೊಟ್ಟ ಹಾಗೆ. ಶುಲ್ಕ 10 ರೂಪಾಯಿ, ಗಡುವು 30 ದಿನ, ಮೇಲ್ಮನವಿಗೂ 30 ದಿನ. ವಹಿ ಖಾಲಿ ಇದ್ದರೆ ಆ ಖಾಲಿ ಹಾಳೆಯ ದೃಢೀಕೃತ ನಕಲೇ ನಿಮ್ಮ ಅತ್ಯುತ್ತಮ ಸಾಕ್ಷಿ.

ಹೈಕೋರ್ಟಿಗೆ ನೇರವಾಗಿ ಓಡಬೇಡಿ. ಸಂವಿಧಾನದ 226ನೇ ವಿಧಿಯಡಿ ಮ್ಯಾಂಡಮಸ್ (ಅಧಿಕಾರಿ ತನ್ನ ಕರ್ತವ್ಯ ಮಾಡಲೇಬೇಕು ಅನ್ನೋ ಆದೇಶ) ಕೇಳಬೇಕಾದರೆ ಮೊದಲು ಲಿಖಿತ ಮನವಿ ಕೊಟ್ಟಿರಬೇಕು, ಅವರು ನಿರಾಕರಿಸಿರಬೇಕು ಇಲ್ಲವೇ ಸುಮ್ಮನೆ ಕೂತಿರಬೇಕು. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಹೆಸರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಬಹುತೇಕರು ಸೋಲೋದು ಇಲ್ಲಿಯೇ. "ಕಾಡು ಉಳಿಸಿ" ಅಂತ ಬೇಡಿಕೊಂಡರೆ "ಮನವಿಯನ್ನು ಎಂಟು ವಾರದಲ್ಲಿ ಇತ್ಯರ್ಥಪಡಿಸಿ" ಅನ್ನೋ ಆದೇಶ ಸಿಗುತ್ತೆ. ಇಲಾಖೆ ಒಂದು ಹಿಂಬರಹ (ಲಿಖಿತ ಉತ್ತರ) ಕೊಟ್ಟು ಕೈತೊಳೆದುಕೊಳ್ಳುತ್ತೆ, ಅಲ್ಲಿಗೆ ಅರ್ಜಿ ಮುಗಿಯಿತು. ಅದರ ಬದಲು ಇಂಥ ಗೇಟಿಗೆ ಬೀಗ, ಇಂಥ ಕಡೆ ಕಂದಕ, ಇಷ್ಟು ದಿನದೊಳಗೆ, ಇಂಥ ಅಧಿಕಾರಿಯಿಂದ ಅಂತ ಮನವಿಯಲ್ಲೂ ಅರ್ಜಿಯಲ್ಲೂ ಒಂದೇ ಮಾತಿನಲ್ಲಿ ಬರೆಯಿರಿ. ಯಾರ ಮೇಲೆ ಕೇಸು ಹಾಕಬೇಕು ಅನ್ನೋದು ಅವರ ವಿವೇಚನೆ ಅಂತ ನ್ಯಾಯಾಲಯ ಬಿಟ್ಟುಬಿಡಬಹುದು. ಕಾನೂನು ಹೊರಿಸಿದ ಕರ್ತವ್ಯವನ್ನು ಹಾಗೆ ಬಿಡುವುದು ಕಷ್ಟ.

ಅಭಯಾರಣ್ಯವಾದರೆ ಇನ್ನೊಂದು ದಾರಿ ಇದೆ, ಇಲಾಖೆಯವರು ತಾವಾಗಿ ಹೇಳುವುದಿಲ್ಲ. ವನ್ಯಜೀವಿ ಕಾಯ್ದೆಯ ಕಲಂ 55ರ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಮ್ಯಾಜಿಸ್ಟ್ರೇಟರ ಮುಂದೆ ದೂರು ಹಾಕಬಹುದು. ಕಲಂ 50ರಲ್ಲಿ ವಾಹನ ಜಪ್ತಿಗೆ ಅಧಿಕಾರವಿದೆ. ಕಲಂ 51ರ ಸಾಮಾನ್ಯ ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ, 2022ರ ತಿದ್ದುಪಡಿಯ ನಂತರ, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು "ಬುದ್ಧಿ ಹೇಳಿ ಕಳಿಸಿದ್ವಿ" ಅಂತಾರಲ್ಲ, ಮೈ ಉರಿಯುತ್ತೆ.

ಹಸಿರು ನ್ಯಾಯಮಂಡಳಿಗೆ ಹೋಗಿ ಅಂತ ಸಲಹೆ ಕೊಡುವವರು ಒಮ್ಮೆ ನ್ಯಾಯಮಂಡಳಿ ಕಾಯ್ದೆಯ ಅನುಸೂಚಿ, ಅಂದರೆ ಅದು ವಿಚಾರಣೆ ಮಾಡಬಹುದಾದ ಕಾಯ್ದೆಗಳ ಪಟ್ಟಿ, ಓದಲಿ. ಅದರಲ್ಲಿರೋದು ಏಳು ಕಾಯ್ದೆ, ವನ್ಯಜೀವಿ ಕಾಯ್ದೆ ಇಲ್ಲವೇ ಇಲ್ಲ. ಬರೀ ಅತಿಕ್ರಮ ಪ್ರವೇಶ ಅಂತ ಹೋದರೆ ಬಾಗಿಲಲ್ಲೇ ವಾಪಸ್. ಜೆಸಿಬಿ ತಂದು ಹೊಸ ಟ್ರ್ಯಾಕ್ ಕಡಿದಿದ್ದರೆ ಆ ಪಟ್ಟಿಯಲ್ಲಿರುವ ಅರಣ್ಯ ಸಂರಕ್ಷಣಾ ಕಾಯ್ದೆ 1980ರ (2023ರ ತಿದ್ದುಪಡಿಯ ನಂತರ ಅದರ ಹೆಸರು ವನ (ಸಂರಕ್ಷಣ ಏವಂ ಸಂವರ್ಧನ) ಅಧಿನಿಯಮ) ಕಲಂ 2 ಹಿಡಿಯಬಹುದು. ನ್ಯಾಯಮಂಡಳಿ ಕಾಯ್ದೆಯ ಕಲಂ 14ರ ಅರ್ಜಿಗೆ ಆರು ತಿಂಗಳ ಗಡುವು, ಎಣಿಕೆ ಶುರುವಾಗೋದು ವ್ಯಾಜ್ಯಕಾರಣ (ದಾವೆಗೆ ಕಾರಣವಾದ ಘಟನೆ) ಮೊದಲು ಹುಟ್ಟಿದ ದಿನದಿಂದ. ನೀವು ಕಾಯ್ದು ಕಾಯ್ದು ನೆನಪೋಲೆ ಬರೆಯುತ್ತಿದ್ದರೆ ಅದೂ ಕೈತಪ್ಪುತ್ತೆ.

ಆದೇಶ ಬಂದಮೇಲೂ ಗೇಟ್ ತೆರೆದೇ ಇದ್ದರೆ ನ್ಯಾಯಾಂಗ ನಿಂದನೆ ಅರ್ಜಿ, ಒಂದು ವರ್ಷದೊಳಗೆ. ಅದಕ್ಕೆ ಹುದ್ದೆ ಸಾಲದು, ಆ ಕುರ್ಚಿಯಲ್ಲಿ ಕೂತವರ ಹೆಸರು ಬೇಕು. ಆದೇಶದ ದೃಢೀಕೃತ ಪ್ರತಿಯನ್ನು ಮೊದಲ ವಾರದಲ್ಲೇ ಅವರಿಗೆ ಮುಟ್ಟಿಸಿ ಸಹಿ ಪಡೆಯಿರಿ. ವರ್ಗಾವಣೆಯಾಗಿ ಹೊಸಬರು ಬಂದರೆ ಅವರಿಗೂ ಇನ್ನೊಂದು ಪ್ರತಿ. ಇಲ್ಲದಿದ್ದರೆ "ನನ್ನ ಗಮನಕ್ಕೆ ಬಂದಿಲ್ಲ" ಅನ್ನೋ ಅಫಿಡವಿಟ್ ಸಿದ್ಧವಾಗಿಯೇ ಇರುತ್ತೆ.