ಶೂನ್ಯ ವರದಿಯನ್ನೂ ಸಲ್ಲಿಸತಕ್ಕದ್ದು

ಮೇ ತಿಂಗಳ ಕೊನೆಗೆ ಪತ್ರಿಕೆಗಳಲ್ಲಿ ತಪ್ಪದೆ ಬರುವ ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಶಾಲೆಯ ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಆರತಿ ತಟ್ಟೆ ಹಿಡಿದ ಟೀಚರು, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಗರಿಗರಿ ಬಿಳಿ ಅಂಗಿ, ನಡುವೆ ಗುಲಾಬಿ ಹಿಡಿದು ಗೋಳೋ ಎಂದು ಅಳುತ್ತಿರುವ ಒಂದು ಕೂಸು. ಅಡಿಬರಹ ಮಾತ್ರ ಪ್ರತಿವರ್ಷವೂ ಒಂದೇ: ‘ಹಬ್ಬದ ವಾತಾವರಣದಲ್ಲಿ ಶಾಲೆಗಳ ಪುನರಾರಂಭ.’ ಆ ಚಿತ್ರದಲ್ಲಿರುವವರ ಪೈಕಿ ಮುಂದೇನು ಕಾದಿದೆ ಎಂಬುದು ಸರಿಯಾಗಿ ಗೊತ್ತಾಗಿರುವುದು ಆ ಕೂಸಿಗೆ ಮಾತ್ರ ಎಂದು ನನಗೆ ಬಹಳ ದಿನಗಳಿಂದ ಅನುಮಾನ.

ನನ್ನ ಅಕ್ಕ ಅರೆಮಲೆನಾಡಿನ ಒಂದು ಹಳ್ಳಿಯಲ್ಲಿ ನಲಿ-ಕಲಿ, ಅಂದರೆ ಹಾಡು, ಆಟ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯ ಟೀಚರು. ಒಂದು, ಎರಡು, ಮೂರು, ಈ ಮೂರೂ ತರಗತಿಗಳು ಒಂದೇ ಕೋಣೆಯಲ್ಲಿ, ಒಬ್ಬಳೇ ಅಕ್ಕನ ಕೈಯಲ್ಲಿ. ನಾಲ್ಕು, ಐದಕ್ಕೆ ಮುಖ್ಯ ಶಿಕ್ಷಕರಿದ್ದಾರೆ. ಅವರು ಇದ್ದಾರೆ ಎನ್ನುವುದಕ್ಕೆ ತಾಲ್ಲೂಕು ಕೇಂದ್ರದ ಸಭೆಗಳ ಹಾಜರಿ ಪುಸ್ತಕವೇ ಸಾಕ್ಷಿ. ಬೇಸಿಗೆ ರಜೆಗೆಂದು ಅಕ್ಕ ಊರಿಗೆ ಬಂದಿದ್ದಳು. ಮಹಡಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದವಳ ಪಕ್ಕದಲ್ಲೇ ಮೊಬೈಲನ್ನೂ ಬಿಸಿಲಿಗೆ ಹರವಿದ್ದಳು. ಕೆಳಗಿಟ್ಟರೆ ನೆಟ್‌ವರ್ಕ್ ಸಿಗುವುದಿಲ್ಲವಂತೆ.

“ಹೊಸ ವರ್ಷಕ್ಕೆ ತಯಾರಿ ಎಲ್ಲಿಗೆ ಬಂತು ಅಕ್ಕಾ?” ಎಂದು ಕೇಳಿದೆ. ಲೋಕಾಭಿರಾಮಕ್ಕೆ ಕೇಳಿದ್ದು.

“ಶೌಚಾಲಯ ಎಣಿಸಿಯಾಯಿತು. ಅದರಲ್ಲಿ ನೀರು ಬರುವುದನ್ನು ಬೇರೆ ಎಣಿಸಿಯಾಯಿತು. ಬಾಗಿಲು ಇರುವುದನ್ನು ಇನ್ನೂ ಎಣಿಸಬೇಕು,” ಎಂದಳು.

ದೇಶದ ಶಾಲೆಗಳ ಅಂಕಿಅಂಶವನ್ನೆಲ್ಲ ತುಂಬಿಸಿಕೊಳ್ಳುವ ಯುಡೈಸ್ ಎಂಬ ಮಹಾಸಾಗರದ ದಡದಲ್ಲಿ ಆಕೆ ನಿಂತಿದ್ದಳು. ಅದನ್ನು ಈಜಿ ದಾಟಿದರೆ ಪ್ರತಿ ಮಗುವಿನ ದಾಖಲೆ ಇಡುವ ರಾಜ್ಯದ ಎಸ್‌ಎಟಿಎಸ್, ಅದರಾಚೆ ಅಪಾರ್. ಅಪಾರ್ ಎಂದರೆ ಮಗುವಿಗೆ ಕೊಡುವ ಹನ್ನೆರಡು ಅಂಕಿಯ ಶೈಕ್ಷಣಿಕ ಗುರುತಿನ ಸಂಖ್ಯೆ. ಹೆಸರಿಟ್ಟ ಪುಣ್ಯಾತ್ಮನಿಗೆ ಕನ್ನಡ ಬರುತ್ತಿತ್ತೋ ಏನೋ, ಕೆಲಸ ಅಪಾರವೇ. ಆಧಾರ್‌ನಲ್ಲಿ ಚಂದನ, ಜನನ ಪ್ರಮಾಣಪತ್ರದಲ್ಲಿ ಚಂದನಾ, ಶಾಲೆಯ ದಾಖಲೆಯಲ್ಲಿ ಚಂದನ ಕೆ.; ಮೂವರೂ ಒಂದೇ ಮಗು ಎಂದು ಯಂತ್ರಕ್ಕೆ ಒಪ್ಪಿಸುವವರೆಗೆ ಚಂದನ ಹುಟ್ಟಿಯೇ ಇಲ್ಲ. ಆ ಮಗು ಮಾತ್ರ ಅಕ್ಕನ ಸೆರಗು ಹಿಡಿದುಕೊಂಡು, ಸಿಂಬಳ ಒರೆಸಿಕೊಳ್ಳುತ್ತ, ತಾನು ಇದ್ದೇನೆ ಎಂಬುದಕ್ಕೆ ಬೇಕಾದ ಎಲ್ಲ ಪುರಾವೆಯನ್ನೂ ಒದಗಿಸುತ್ತಿರುತ್ತದೆ.

ಈಗ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನಮ್ಮ ಇಲಾಖೆಗಳು ಕನ್ನಡ ಸಾಹಿತ್ಯಕ್ಕೆ ಕೊಟ್ಟ ಕಾಣಿಕೆಯನ್ನು ಯಾರೂ ಸರಿಯಾಗಿ ಗುರುತಿಸಿಲ್ಲ ಎಂಬುದು ನನ್ನ ಕೊರಗು. ಅಕ್ಕನ ಮೊಬೈಲಿನಲ್ಲಿ ಆ ಮಧ್ಯಾಹ್ನ ಬಂದ ಸಂದೇಶವನ್ನೇ ನೋಡಿ. ಮೊದಲಿಗೆ ‘ಅತಿ ತುರ್ತು’. ಬರಿಯ ‘ತುರ್ತು’ ಎಂದು ಬರೆದದ್ದನ್ನು ಈಗ ಯಾರೂ ತೆರೆಯುವುದಿಲ್ಲ. ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’. ಮೇಲೆ ನೋಡಿದರೆ ಯಾವ ವಿಷಯವೂ ಕಾಣುವುದಿಲ್ಲ. ಆಮೇಲೆ ‘ಸದರಿ ಮಾಹಿತಿಯನ್ನು ಇಂದು ಮಧ್ಯಾಹ್ನ 3 ಗಂಟೆಯೊಳಗೆ ಕಡ್ಡಾಯವಾಗಿ’. ಸಂದೇಶ ಬಂದದ್ದು ಎರಡು ಐವತ್ತಕ್ಕೆ. ‘ತಪ್ಪಿದಲ್ಲಿ ಮುಂದಾಗುವ ಪರಿಣಾಮಗಳಿಗೆ ತಾವೇ ನೇರ ಹೊಣೆ’ ಎಂಬ ಸಾಲು ಓದುವಾಗ ಹಳೆಯ ನಾಟಕಗಳ ಶಾಪ ನೆನಪಾಗುತ್ತದೆ. ಕೊನೆಗೆ ಕಿರೀಟವಿಟ್ಟಂತೆ: ‘ಶೂನ್ಯವಿದ್ದಲ್ಲಿ ಶೂನ್ಯ ವರದಿಯನ್ನೂ ಸಲ್ಲಿಸತಕ್ಕದ್ದು.’

ಈ ಶೂನ್ಯ ವರದಿಯ ಮೇಲೆ ನನಗೆ ಅಪಾರ ಗೌರವ. ನಿಮ್ಮ ಶಾಲೆಯಲ್ಲಿ ಸಿಡಿಲಿನಿಂದ ಹಾನಿಯಾದ ಕಂಪ್ಯೂಟರ್‌ಗಳೆಷ್ಟು? ಕಂಪ್ಯೂಟರೇ ಇಲ್ಲ. ಹಾಗಾದರೆ ಶೂನ್ಯ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ, ಫೋಟೊ ತೆಗೆದು ಕಳುಹಿಸಿ. ಹೀಗೆ ಹಳ್ಳಿ ಹಳ್ಳಿಗಳಿಂದ ಶೂನ್ಯಗಳು ಹೊರಟು, ಕ್ಲಸ್ಟರಿನಲ್ಲಿ ಕೂಡಿ, ತಾಲ್ಲೂಕಿನಲ್ಲಿ ಕ್ರೋಡೀಕೃತಗೊಂಡು, ಜಿಲ್ಲೆಯಲ್ಲಿ ದೊಡ್ಡ ಶೂನ್ಯವಾಗಿ ರಾಜಧಾನಿ ಸೇರುತ್ತವೆ. ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಶೂನ್ಯಕ್ಕೊಂದು ಸಿಂಹಾಸನ ಕಟ್ಟಿದ್ದರು. ಪೀಠವಿದ್ದರಾಯಿತೇ, ಅದಕ್ಕೊಂದು ನಮೂನೆ ಬೇಡವೇ?

ಶೂ ವಿಷಯಕ್ಕೆ ಬರೋಣ. ಸರ್ಕಾರ ಮಕ್ಕಳಿಗೆ ವರ್ಷಕ್ಕೊಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುತ್ತದೆ. ಒಳ್ಳೆಯ ಯೋಜನೆ, ಇದರಲ್ಲಿ ವ್ಯಂಗ್ಯವಿಲ್ಲ. ಕಳೆದ ವರ್ಷಗಳ ಆದೇಶದ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ಕೊಳ್ಳುವುದು ಎಸ್‌ಡಿಎಂಸಿ. ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳಬಾರದು ಎಂಬ ಎಚ್ಚರಿಕೆ ಉಚಿತ. ಅಕ್ಕನೂ ಮುಖ್ಯ ಶಿಕ್ಷಕರೂ ಹಳೆಯ ದಿನಪತ್ರಿಕೆಯ ಮೇಲೆ ಮಕ್ಕಳ ಪಾದ ಇರಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಆ ಪತ್ರಿಕೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಪೇಟೆಗೆ ಹೋಗುತ್ತಾರೆ. ಅಂಗಡಿಯವನು ಸುರುಳಿ ಬಿಚ್ಚಿ, 265 ಎಂಬುದನ್ನು ಕೇಳಿ, “ಮೇಡಂ, ಎಡಗಾಲಿಗೆ ಸಾಕೋ ಬಲಗಾಲಿಗೋ?” ಎಂದನಂತೆ. ಅಳತೆ, ಕೊಟೇಶನ್, ಬಿಲ್ಲು, ಸಭೆಯ ನಡಾವಳಿ ಎಲ್ಲ ಮುಗಿದು ಶೂ ಬರುವ ಹೊತ್ತಿಗೆ ಒಂದು ಸಮಸ್ಯೆ ಉಳಿದೇ ಉಳಿಯುತ್ತದೆ. ಕಡತ ನಡೆಯುವ ವೇಗಕ್ಕಿಂತ ಮಕ್ಕಳ ಪಾದ ಬೆಳೆಯುವ ವೇಗ ಹೆಚ್ಚು.

ಬಿಸಿಯೂಟದ ಮೊಟ್ಟೆಯ ಲೆಕ್ಕವೂ ಹೀಗೆಯೇ. ಒಂದಕ್ಕೆ ಆರು ರೂಪಾಯಿ, ಅದರಲ್ಲೇ ಬೇಯಿಸುವ ಖರ್ಚು, ಸಿಪ್ಪೆ ಸುಲಿಯುವ ಕೂಲಿ. ಪೇಟೆಯಲ್ಲಿ ಮೊಟ್ಟೆಯೊಂದೇ ಆರು ದಾಟಿದ ದಿನ ಟೀಚರ ಪರ್ಸು ತೆರೆಯುತ್ತದೆ. ಕೋಳಿಗಳಿಗೆ ಸುತ್ತೋಲೆ ಕಳುಹಿಸುವ ವ್ಯವಸ್ಥೆ ಇನ್ನೂ ಆಗಿಲ್ಲ.

ಈ ಸಲದ ತಯಾರಿಯಲ್ಲಿ ಹೊಸದಾಗಿ ಸೇರಿದವನು ಕರಿಯ. ಶಾಲೆಯ ಜಗುಲಿಯಲ್ಲಿ ಮಲಗುವ ನಾಯಿ. ಬಿಸಿಯೂಟದಲ್ಲಿ ಮಿಕ್ಕದ್ದು ಅವನ ಪಾಲು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ದೂರ ಮಾಡಬೇಕು, ಅದರ ಹೊಣೆ ಹೊರುವ ಒಬ್ಬ ನೋಡಲ್ ಅಧಿಕಾರಿ ಇರಬೇಕು ಎಂದು ಹೇಳಿದ್ದು ನಿಮಗೆ ನೆನಪಿರಬಹುದು. ನಾಯಿ ಕಚ್ಚಿಸಿಕೊಂಡ ಮಗುವಿನ ತಾಯಿಗೆ ಇದು ನಗೆಯ ವಿಷಯವಲ್ಲ ಎಂದು ನನಗೂ ಗೊತ್ತು. ಕಾಂಪೌಂಡು, ಬೇಲಿ, ಗೇಟು ಹಾಕಿಸಿ ಎಂದೂ ನ್ಯಾಯಾಲಯ ಹೇಳಿತ್ತು. ಅದು ಅನುದಾನ ಬಂದಾಗ ಬರುತ್ತದೆ. ನೋಡಲ್ ಅಧಿಕಾರಿಗೆ ಅನುದಾನ ಬೇಕಿಲ್ಲ, ಹಾಗಾಗಿ ಆತ ಮೊದಲು ಬಂದ. ಬಂದ ಎನ್ನುವುದೂ ತಪ್ಪು, ಆತ ಅಕ್ಕನೇ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಊಟದ ನೋಡಲ್, ಆರೋಗ್ಯದ ನೋಡಲ್, ಗಿಡ ನೆಡುವ ನೋಡಲ್ ಎಲ್ಲವನ್ನೂ ಮುಖ್ಯ ಶಿಕ್ಷಕರು ಮೊದಲೇ ಬಾಚಿಕೊಂಡಿದ್ದರು. ನಾಯಿ ಉಳಿದಿತ್ತು.

“ಹಾಗಾದರೆ ಕರಿಯನನ್ನು ಏನು ಮಾಡುತ್ತೀ?”

“ಆವರಣದ ಹೊರಗೆ ಇರಿಸಬೇಕು. ಕಾಂಪೌಂಡಿಲ್ಲ. ಆವರಣ ಎಲ್ಲಿಗೆ ಮುಗಿಯುತ್ತದೆ ಎಂದು ಅವನಿಗೆ ಹೇಗೆ ತಿಳಿಸಲಿ? ನನಗೇ ಗೊತ್ತಿಲ್ಲ.”

ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಎಂದು ಕಾನೂನೇ ಇದೆಯಲ್ಲ ಎಂದು ನಾನು ಜಾಣತನ ತೋರಿಸಿದೆ. ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 27ನೆಯ ಸೆಕ್ಷನ್. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಯಾವುದಕ್ಕೂ ಕಳುಹಿಸುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂದಹಾಗೆ 2021ಕ್ಕೆ ಆಗಬೇಕಿದ್ದ ಆ ಹತ್ತು ವರ್ಷಕ್ಕೊಮ್ಮೆಯ ಜನಗಣತಿ 2027ಕ್ಕೆ ಹೋಯಿತು. ಅದು ಬರುವವರೆಗೆ ಶಿಕ್ಷಕರ ಕೈ ಖಾಲಿ ಇರಬಾರದೆಂದು 2025ರ ದಸರಾ ರಜೆಯಲ್ಲಿ, ಸೆಪ್ಟೆಂಬರ್ 22ರಿಂದ, ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಕಳುಹಿಸಲಾಯಿತು. 60 ಪ್ರಶ್ನೆ, ಒಂದು ಆ್ಯಪು. ಅಕ್ಕ ನೆಟ್‌ವರ್ಕಿಗಾಗಿ ಕಾಫಿ ತೋಟದ ಏರಿ ಹತ್ತಿದಳು. ಮನೆಯವರನ್ನೂ ಹತ್ತಿಸಿದಳು, ಒಟಿಪಿ ಅವರ ಮೊಬೈಲಿಗೆ ಬರಬೇಕಲ್ಲ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಶಾಲೆಗಳ ರಜೆಯನ್ನೇ 18ರವರೆಗೆ ಎಳೆದರು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಯಾರು ಎಷ್ಟು ಹಿಂದುಳಿದಿದ್ದಾರೆ ಎಂದು ತಿಳಿಯಲು, ಹಿಂದುಳಿದವರ ಮಕ್ಕಳೇ ತುಂಬಿರುವ ಶಾಲೆಗಳ ಬಾಗಿಲು ಹಾಕಿದ ಬುದ್ಧಿಗೆ ಕೈ ಮುಗಿಯುತ್ತಿದ್ದೇನೆ.

ಸಾಕು. ಹೊಗಳಿ ಹೊಗಳಿ ನನ್ನ ಬಾಯಿಯೇ ಕಹಿಯಾಯಿತು. ಇನ್ನು ಸ್ವಲ್ಪ ದಿನಕ್ಕೆ ಯಾವುದೋ ವರದಿ ಬರುತ್ತದೆ. ಐದನೆಯ ತರಗತಿಯ ಎಷ್ಟೋ ಮಕ್ಕಳಿಗೆ ಎರಡನೆಯ ತರಗತಿಯ ಪಾಠ ಓದಲು ಬರುವುದಿಲ್ಲ ಎನ್ನುತ್ತದೆ. ಟಿ.ವಿ.ಯಲ್ಲಿ ನಾಲ್ಕು ಜನ ಕುಳಿತು, ಸರ್ಕಾರಿ ಮೇಷ್ಟರು ಸಂಬಳ ತೆಗೆದುಕೊಂಡು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತಾರೆ. ಅವರು ಉತ್ತರ ಕೊಡುತ್ತಿದ್ದಾರೆ ಸ್ವಾಮಿ. ಮೂರು ಗಂಟೆಯೊಳಗೆ. ನೀವು ಕೇಳಿದ್ದಕ್ಕೆಲ್ಲ.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಹಾಡು, ಆಟ, ಕಾರ್ಡು, ಮೈಲಿಗಲ್ಲು ಎಲ್ಲವನ್ನೂ ತಾವೇ ಕೂತು ಮಾಡಿದರು. ಒಂದು ಮಗು ಜ್ವರ ಬಂದು ವಾರ ಬಿಟ್ಟರೆ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬೇಕು ಎಂಬುದು ಅದರ ಏಣಿಯ ಗುಟ್ಟು. ಆಮೇಲೆ ಅದು ಇಡೀ ರಾಜ್ಯಕ್ಕೆ ಬಂತು, ಅದರ ಜೊತೆಗೆ ಅದರ ದಾಖಲೆಗಳೂ ಬಂದವು. ಇಷ್ಟಾದರೂ ಅಕ್ಕನಿಗೆ ಅದರ ಮೇಲೆ ಹುಚ್ಚು ಪ್ರೀತಿ. ರಾತ್ರಿ ಊಟವಾದ ಮೇಲೆ ಹಜಾರದಲ್ಲಿ ಚಾಪೆ ಹಾಸಿ, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ರ, ಗ, ಸ, ದ, ಅ ಬರೆಯುತ್ತಿದ್ದಳು. ತರಗತಿಯ ಕೋಣೆಯೊಳಗಿನ ಚಪ್ಪರಕ್ಕೆ ತೂಗುಹಾಕಲು ಕಾಗದದ ಗಿಳಿ ಮಾಡಿದ್ದಳು. ಲ್ಯಾಮಿನೇಶನ್ನಿಗೆ ಕೈಯಿಂದ ನಾನೂರು ರೂಪಾಯಿ. ಇದನ್ನು ಎಲ್ಲಿ ನಮೂದಿಸುತ್ತೀ ಎಂದೆ. ಇದಕ್ಕೆ ಕಾಲಂ ಇಲ್ಲ ಎಂದಳು, ಸ್ವಲ್ಪ ಖುಷಿಯಿಂದಲೇ. “ಕಾಲಂ ಇಲ್ಲ ಎಂದು ಎಲ್ಲಿಯೂ ಬರೆಯಬೇಡ ಮಾರಾಯ, ನಾಳೆಯೇ ಸೇರಿಸುತ್ತಾರೆ.”

ಮೇ 29ಕ್ಕೆ ಶಾಲೆ ತೆರೆಯಿತು. ತೋರಣ, ರಂಗೋಲಿ, ಕೇಸರಿಬಾತು ಎಲ್ಲವೂ ಆಯಿತು. ಒಂದು ಮಗು ನಿಯಮದಂತೆ ಅತ್ತಿತು. ಮೂರನೆಯ ದಿನ ಮಧ್ಯಾಹ್ನ ಅತಿ ತುರ್ತು: ಪ್ರಾರಂಭೋತ್ಸವದ ಫೋಟೊದಲ್ಲಿ ದಿನಾಂಕ, ಸ್ಥಳ ಮೂಡಿಲ್ಲ, ಸಂಜೆಯೊಳಗೆ ಮತ್ತೆ ಕಳುಹಿಸುವುದು. ಒಣಗಿದ ತೋರಣಕ್ಕೆ ನೀರು ಚಿಮುಕಿಸಿದರು. ಅಡುಗೆಯವರು ರಂಗೋಲಿ ತಿದ್ದಿದರು. ಪಾಠ ನಿಲ್ಲಿಸಿ ಮಕ್ಕಳನ್ನೆಲ್ಲ ಹೊರಗೆ ಕಳುಹಿಸಿ, ಚೀಲ ಹಾಕಿಸಿ, ಗೇಟಿಲ್ಲದ ಕಡೆಯಿಂದ ಸಾಲಾಗಿ ಮತ್ತೆ ಒಳಗೆ ಕರೆದರು. ಕರಿಯ ಬಾಲ ಅಲ್ಲಾಡಿಸುತ್ತ ಸಾಲಿನಲ್ಲೇ ಬಂದ. ಮೊದಲ ದಿನ ಅತ್ತಿದ್ದ ಮಗು ಈಗ ಗುಲಾಬಿಯನ್ನು ಮೂಸುತ್ತ, “ಮಿಸ್, ನಾವು ಮೊನ್ನೆಯೇ ಶಾಲೆಗೆ ಬಂದಿದ್ದೆವಲ್ಲ?” ಎಂದು ಕೇಳಿತಂತೆ.

“ಬಂದಿದ್ದಿರಿ ಪುಟ್ಟಾ,” ಎಂದಳಂತೆ ಅಕ್ಕ, “ಅಪ್‌ಲೋಡ್ ಆಗಿರಲಿಲ್ಲ.”